ಅಂಗಿಯೊಳಗಿನ ನಡುಪಟ್ಟಿ

ಬೆವರು ಕುಡಿದ ತೊಗಲಿನ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಜನ್ಮಕ್ಕೂ ಬಿಡುವುದಿಲ್ಲ. ಮೊನ್ನೆ ಮಗಳನ್ನು ಕರೆತರಲು ಮೈಸೂರಿನ ಜಿಮ್ಮಿಗೆ ಹೋದಾಗ ಬಾಗಿಲಲ್ಲೇ ಅದು ಎದುರಾಯಿತು. ಭಾರ ಎತ್ತುವಾಗ ಸೊಂಟಕ್ಕೆ ಬೆಲ್ಟು ಬೇಕೋ ಬೇಡವೋ ಎಂದು ಅವಳೂ ಅವಳ ಕೋಚೂ ವಾದಕ್ಕಿಳಿದಿದ್ದರು. ಗೋಡೆಗೆ ನೇತುಹಾಕಿದ್ದ ಅಗಲವಾದ ಬೆಲ್ಟನ್ನು ಸುಮ್ಮನೆ ಮುಟ್ಟಿ ನೋಡಿದೆ. ಕಂಪಲಾಪುರದ ನಮ್ಮ ಮನೆ, ಈಗ ಒಂದು ಗೋಡೆಯೂ ಉಳಿಯದ ಆ ಮನೆ, ಒಲೆಯ ಹೊಗೆಯ ಸಮೇತ ಕಣ್ಣೆದುರು ಬಂದು ನಿಂತಿತು.

ಅಪ್ಪ ಪಿರಿಯಾಪಟ್ಟಣದ ಹೊಗೆಸೊಪ್ಪಿನ ಮಾರ್ಕೆಟ್ಟಿನಲ್ಲಿ ಹಮಾಲಿ. ಹರಾಜು ನಡೆಯುವ ತಿಂಗಳುಗಳಲ್ಲಿ ಅವನ ಅಂಗಿ, ಅವ್ವನ ಸೆರಗು, ನಾವು ಉಣ್ಣುವ ಮುದ್ದೆ, ಎಲ್ಲಕ್ಕೂ ಸೊಪ್ಪಿನ ಘಾಟು ಹತ್ತಿರುತ್ತಿತ್ತು. ಬೇಲುಗಳನ್ನು, ಅಂದರೆ ಒತ್ತಿ ಕಟ್ಟಿದ ಸೊಪ್ಪಿನ ಹೊರೆಗಳನ್ನು, ಇಬ್ಬಿಬ್ಬರು ಜೋಡಿಯಾಗಿ ಎತ್ತಬೇಕು. ಅಪ್ಪನ ಜೋಡಿ ನಮ್ಮ ಬೀದಿಯ ಶಿವಣ್ಣ ಮಾವ. ಮೀಸೆ ಮೂಡುವ ಮೊದಲೇ ಕೂಡಿದ ಜೋಡಿ ಅದು. ಮಾರ್ಕೆಟ್ಟಿನ ಅಂಗಳದಲ್ಲಿ ಒಂದು ಕಟ್ಟುಪಾಡಿತ್ತು. ಯಾರ ಸೊಂಟ ಹೋಗಿದೆಯೆಂದು ಸುದ್ದಿಯಾಗುತ್ತದೋ ಅವನ ಎದುರು ನಿಂತು ಯಾರೂ ಹೊರೆಗೆ ಕೈ ಹಾಕುತ್ತಿರಲಿಲ್ಲ. ಜೋಡಿ ತಪ್ಪಿದವನಿಗೆ ಉದುರಿದ ಸೊಪ್ಪು ಗುಡಿಸುವ ಕೆಲಸವೇ ಗತಿ. ಹಾಗಾಗಿ ಒಂದು ಬೆಳಿಗ್ಗೆ ಬಚ್ಚಲಲ್ಲಿ ಸೊಂಟ ಹಿಡಿದುಕೊಂಡಾಗ ಅಪ್ಪ ಕೂಗಲೂ ಇಲ್ಲ. ಅವ್ವ ಅವನ ನಡುವಿನ ಸುತ್ತಳತೆಯನ್ನು ದಾರದಲ್ಲಿ ಹಿಡಿದು, ನನ್ನನ್ನು ಕರೆದುಕೊಂಡು, ಎತ್ತುಗಳಿಗೆ ಕೊರಳಪಟ್ಟಿ ಹೊಲಿಯುತ್ತಿದ್ದ ರಹಮತ್ ಸಾಬರ ಅಂಗಡಿಗೆ ಹೋದಳು. ಯಾರಿಗೆಂದು ಸಾಬರು ಕೇಳಲಿಲ್ಲ. ಹೊಲಿದ ತೊಗಲಿನ ನಡುಪಟ್ಟಿಯನ್ನು ಕೈಗಿಡುವಾಗ ಮಾತ್ರ ತಡೆದು ಹೇಳಿದರು.

"ಎತ್ತೋವಾಗ ಬಿಗೀಬೇಕು, ಇಳಿಸ್ತಿದ್ದಂಗೇ ಸಡ್ಲ ಬುಡ್ಬೇಕು ಕಣಮ್ಮ. ಪಟ್ಟಿ ಐತೆ ಅಂತ ಜಾಸ್ತಿ ಭಾರಕ್ಕೆ ಕೈ ಹಾಕ್ಬಾರ್ದು."

ಅವ್ವ ತಲೆಯಾಡಿಸಿದಳು. ಆದರೆ ಅಂಗಿಯೊಳಗೆ ಕಟ್ಟಿದ್ದನ್ನು ಅಷ್ಟು ಜನರ ಎದುರು ಸಡಿಲಿಸುವುದು ಹೇಗೆ? ಬೆಳಿಗ್ಗೆ ಬಿಗಿದರೆ ಸಂಜೆಯವರೆಗೂ ಬಿಗಿದಂತೆಯೇ. ಬಿಗಿಯುವ ಕೆಲಸ ನನ್ನದು. ಅಪ್ಪ ಉಸಿರೆಳೆದುಕೊಂಡು ನಿಲ್ಲುತ್ತಿದ್ದ, ನಾನು ಗೋಡೆಗೆ ಕಾಲು ಕೊಟ್ಟು ಜಗ್ಗುತ್ತಿದ್ದೆ. "ಇನ್ನೊಂದು ತೂತು ಎಳಿ ಮಗಾ" ಎನ್ನುತ್ತಿದ್ದ. ಬಿಗಿ ಹೆಚ್ಚಿದಷ್ಟೂ ಅಪ್ಪನಿಗೆ ಬಲ ಹೆಚ್ಚು ಎಂದು ನಂಬಿದ್ದ ನಾನು, ಕೇಳದಿದ್ದರೂ ಒಂದೊಂದು ದಿನ ಇನ್ನೊಂದು ತೂತು ಎಳೆದದ್ದುಂಟು. ಮಧ್ಯಾಹ್ನ ಉಣ್ಣಲಾಗದೆ ಅವನು ಅರ್ಧ ಮುದ್ದೆ ವಾಪಸು ತರುತ್ತಿದ್ದ. ಅವ್ವ ತನ್ನ ಸಾರಿಗೇ ದೋಷ ಹೇಳಿಕೊಳ್ಳುತ್ತಿದ್ದಳು. ಸಂಜೆ ಪಟ್ಟಿ ಬಿಚ್ಚಿದರೆ ನಡುವಿನ ಸುತ್ತ ಕೆಂಪು ಬಾಸುಂಡೆ, ಅದಕ್ಕೆ ಹರಳೆಣ್ಣೆ. ಆದರೂ ಪಟ್ಟಿ ಕೊಟ್ಟ ಧೈರ್ಯ ದೊಡ್ಡದು. ಹಿಂದೆ ನಾಲ್ಕು ಜನರನ್ನು ಕರೆಯುತ್ತಿದ್ದಂಥ ಹೊರೆಗೂ ಈಗ ಇಬ್ಬರೇ ಸಾಕೆನ್ನತೊಡಗಿದ್ದ. ನನಗೆ ಅದೂ ಹೆಮ್ಮೆಯೇ ಆಗಿತ್ತು, ಈಗ ನೆನೆದರೆ ನಾಚಿಕೆಯಾಗುತ್ತದೆ.

ಪಟ್ಟಿ ಕಟ್ಟತೊಡಗಿದ ಮೂರನೆಯ ವರ್ಷದ ಹರಾಜಿನಲ್ಲಿ ಒಂದು ಮಧ್ಯಾಹ್ನ ಹೊರೆಗೆ ಬಗ್ಗಿದ ಅಪ್ಪ ಮೇಲೇಳಲಿಲ್ಲ. ಶಿವಣ್ಣ ಮಾವನೇ ಸೊಂಟಕ್ಕೆ ಕೈ ಕೊಟ್ಟು ಗೂಡ್ಸ್ ಆಟೋದಲ್ಲಿ ತಂದು ಮಲಗಿಸಿದ. ಅಂಗಿಯೊಳಗಿನ ಪಟ್ಟಿ ಅವನ ಕೈಗೆ ತಾಕದೆ ಇರಲಿಲ್ಲ. ಅವ್ವ ಕೊಟ್ಟ ನೀರನ್ನೂ ಕುಡಿಯದೆ ಹೊರಟುಹೋದ. ಮತ್ತೆ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ. ಆಸ್ಪತ್ರೆ ಸುತ್ತಿದ್ದಾಯಿತು, ಹರಕೆಯೂ ಆಯಿತು, ಅಪ್ಪ ಮಾತ್ರ ಹಾಸಿಗೆ ಬಿಟ್ಟೇಳಲಿಲ್ಲ. ನೋವನ್ನು ಹೇಗೋ ನುಂಗುತ್ತಿದ್ದ. ನುಂಗಲಾಗದ್ದು ಒಂದೇ. "ನಾನು ಮೋಸ ಮಾಡ್ದೆ ಅಂದ್ಕಂಡವ್ನೆ ಶಿವಣ್ಣ" ಎಂದು ಒಮ್ಮೆ ಅವ್ವನಿಗೆ ಹೇಳಿದ್ದು ನನಗೆ ಕೇಳಿಸಿತು.

ನಾಲ್ಕು ವರ್ಷ ಕಳೆದು ಅಪ್ಪ ತೀರಿಕೊಂಡ ದಿನ ಶಿವಣ್ಣ ಮಾವ ಬಂದ. ಹೆಣದ ಕಾಲ ಬಳಿ ಬಹಳ ಹೊತ್ತು ಕೂತ. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದು ಅಂಗಿ ಎತ್ತಿದ. ನಡುವಿನ ಸುತ್ತ ಅದೇ ಬಾಸುಂಡೆಗಳು, ಹಳೆಯವಾಗಿ ಕಪ್ಪಿಟ್ಟಿದ್ದವು.

"ನಂಗೂ ಸಾಬ್ರೇ ಹೊಲ್ಕೊಟ್ಟಿದ್ರು ಕಣವ್ವ. ನಿಮ್ಮಪ್ಪಂಗಿಂತ ಮುಂಚೆ. ನಿಮ್ಮಪ್ಪಂಗೆ ಗೊತ್ತಾದ್ರೆ ಜೋಡಿ ಬುಡ್ತಾನೆ ಅಂತ ಮುಚ್ಚಿಟ್ಟೆ. ನಾನು ಬಾಯಿ ಬುಟ್ಟಿದ್ರೆ ಇಬ್ರೂ ಇಳಿಸ್ದಾಗೆಲ್ಲ ಪಟ್ಟಿ ಸಡ್ಲ ಮಾಡ್ಕಂಡು ಎತ್ತಬೋದಿತ್ತು. ಯಾವ ಮುಖ ಇಟ್ಕಂಡು ಬರ್ಲಿ ಹೇಳು."

ಹಿಂದೆಯೇ ಬಂದು ನಿಂತಿದ್ದ ಅವ್ವ ಬೈಯಲಿಲ್ಲ, ಅಳಲೂ ಇಲ್ಲ. "ಒಂದ್ಸಲ ಬಂದು ಹೇಳ್ಬೋದಿತ್ತಲ್ಲಣ್ಣ" ಎಂದಳು, ಅಷ್ಟೇ. ಬೆನ್ನಿಗೆ ಎಡ ಮಗ್ಗುಲೇ ಹಿತವೆಂದು ವೈದ್ಯರು ಎಷ್ಟು ಹೇಳಿದರೂ ಅಪ್ಪ ಕೇಳಿರಲಿಲ್ಲ. ಬಲಕ್ಕೆ ಹೊರಳಿದರೆ ಬೀದಿಯ ಬಾಗಿಲು ಕಾಣುತ್ತಿತ್ತು. ನಾಲ್ಕು ವರ್ಷವೂ ಅವನು ಹಲ್ಲುಕಚ್ಚಿಕೊಂಡು ಬಲ ಮಗ್ಗುಲಿಗೇ ಮಲಗಿದ್ದ.