ಒಂದೇ ಮನೆಯ ಮೂವತ್ತೊಂದು ರೋಗಿಗಳು

ಬೆಳಗ್ಗೆ ಆರೂಕಾಲು. ಒಲೆಯ ಮೇಲೆ ಹಾಲು, ಕಿವಿಗೂ ಭುಜಕ್ಕೂ ನಡುವೆ ಫೋನು, ಕೈಯಲ್ಲಿ ಹಾಳೆಗಳ ಕಂತೆ. "ಅಮ್ಮಾ, ಆರೋಗ್ಯ ಕಚೇರಿಯಿಂದ. ಮಗೂಗೆ ವಾಂತಿ ಯಾವತ್ತು ಶುರುವಾಯ್ತು? ನಿಧಾನಕ್ಕೆ ನೆನಪು ಮಾಡ್ಕೊಂಡು ಹೇಳಿ." ಅಷ್ಟರಲ್ಲಿ ಹಾಲು ಉಕ್ಕುತ್ತದೆ. "ಬೆಳಗಾದ್ರೆ ಸಾಕು, ನಮ್ಮನೇಲಿ ಊರೋರ ಭೇದಿ ಪುರಾಣ," ಎಂದು ಗೊಣಗುತ್ತಲೇ ಅತ್ತೆ ಒಲೆ ಆರಿಸುತ್ತಾರೆ.

ಈ ಡೇಟಾ ಎಂಟ್ರಿ ಆಪರೇಟರ್‌ಗೆ ಕಚೇರಿಯವರು ಇಟ್ಟ ಹೆಸರು 'ಪತ್ತೇದಾರಿ'. ಹನ್ನೊಂದು ವರ್ಷದಿಂದ ಗುತ್ತಿಗೆ ಕೆಲಸ. ಆಸ್ಪತ್ರೆಯಿಂದ ದಿನಕ್ಕೆ ಇನ್ನೂರು ರೋಗಿಗಳ ವಿವರ ಬಂದರೆ ನಲವತ್ತರಲ್ಲಾದರೂ ವಯಸ್ಸೋ ವಿಳಾಸವೋ ತಾರೀಕೋ ಬಿಟ್ಟುಹೋಗಿರುತ್ತದೆ. ಅದನ್ನು ಹುಡುಕಿ ತುಂಬಿಸಿ ಎಂದು ಇವರಿಗೆ ಯಾರೂ ಹೇಳಿಲ್ಲ. ಜನ ಕೆಲಸಕ್ಕೆ ಹೊರಡುವ ಮೊದಲೇ ಹಿಡಿಯಬೇಕೆಂದು ಮನೆಯಿಂದಲೇ ಫೋನ್ ಮಾಡುತ್ತಾರೆ. "'ನನ್ನ ಹೊಟ್ಟೆ ವಿಚಾರ ಕಟ್ಕೊಂಡು ನಿಮಗೇನಾಗ್ಬೇಕು' ಅಂತ ಬೈತಾರೆ. ಬೈದ ಮೇಲೆ ಹೇಳ್ತಾರೆ," ಎಂದು ನಗುತ್ತಾರೆ.

ಕಳೆದ ತಿಂಗಳು ಊರಲ್ಲಿ ವಾಂತಿಭೇದಿ ಹಬ್ಬಿತು. ರೋಗಿಗಳ ಮನೆ ಗುರುತಿಸುವ ಕಚೇರಿಯ ನಕ್ಷೆಯಲ್ಲಿ ಚುಕ್ಕೆಗಳೆಲ್ಲ ಆಸ್ಪತ್ರೆಯ ಬೀದಿಯಲ್ಲೇ ಕಿಕ್ಕಿರಿದಿದ್ದವು. ಅಲ್ಲಿನ ನೀರಿನ ಕೊಳವೆಯೇ ಒಡೆದಿರಬೇಕೆಂದು ಅದನ್ನು ಅಗೆಯಲು ಮರುದಿನವೇ ಆಳುಗಳು ಬರುವವರಿದ್ದರು. ಪತ್ತೇದಾರಿಗೆ ಮಾತ್ರ ತಲೆ ಕೆಟ್ಟಿತು. "ಒಂದೇ ಮನೆ ನಂಬರಲ್ಲಿ ಮೂವತ್ತೊಂದು ಜನ! ಅದೇನು ಮನೆನೋ ಛತ್ರನೋ?"

ನೋಡಿದರೆ ಅದು ಆಸ್ಪತ್ರೆಯದೇ ವಿಳಾಸ. ವಿಳಾಸ ಬರೆಯುವ ಜಾಗ ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೆ ಬಿಡುವುದಿಲ್ಲ. ಮನೆ ನಂಬರ್ ಇಲ್ಲದವರು ಬಂದಾಗಲೆಲ್ಲ ಚೀಟಿ ಬರೆಯುವವರು ತಮ್ಮ ಆಸ್ಪತ್ರೆಯ ವಿಳಾಸವನ್ನೇ ಒತ್ತಿ ಕೈ ತೊಳೆದುಕೊಂಡಿದ್ದರು.

"ನಾಳೆ ಹತ್ತಕ್ಕೆ ವರದಿ ಹೋಗ್ಬೇಕಮ್ಮ. ಆ ಸಾಲುಗಳನ್ನ ಅಳಿಸಿಬಿಡಿ," ಎಂದರು ಮೇಲಧಿಕಾರಿ.

"ಅಳಿಸಿದ್ರೆ ಅವರ ಕಾಯಿಲೆ ಹೋಗುತ್ತಾ ಸರ್?"

ಮರುದಿನ ಒಂಬತ್ತೂವರೆಯೊಳಗೆ ಇಪ್ಪತ್ತೇಳು ಜನ ಫೋನೆತ್ತಿದ್ದರು. ಅಷ್ಟೂ ಜನರದ್ದು ಬಸ್ ಡಿಪೋ ಹಿಂದಿನ ಗಲ್ಲಿ, ಅಷ್ಟೂ ಜನ ಕುಡಿಯುವುದು ಒಂದೇ ತೊಟ್ಟಿಯ ನೀರು. ಹಾಳೆ ನೋಡಿದ ಮೇಲಧಿಕಾರಿ ಚಪ್ಪಲಿ ಮೆಟ್ಟಿಕೊಂಡು ತಾವೇ ಓಡಿದರು. ಅಗೆಯುವ ಆಳುಗಳನ್ನು ಅಲ್ಲಿಗೆ ಕರೆದೊಯ್ದಾಗ, ಒಡೆದ ಚರಂಡಿಯ ನೀರು ತೊಟ್ಟಿಗೆ ಜಿನುಗುತ್ತಿದ್ದುದು ಕಂಡಿತು. ಅಂದೇ ತೊಟ್ಟಿ ಮುಚ್ಚಿಸಿ ಟ್ಯಾಂಕರ್ ನೀರು ತರಿಸಿದರು. ಎಂಥ ಗೆಲುವು ಅದು!

ಇವರು ಹಟ ಹಿಡಿದು ಕೇಳಿದ್ದರಿಂದ ಕಂಪ್ಯೂಟರಿನಲ್ಲೀಗ 'ಗೊತ್ತಿಲ್ಲ' ಎಂದು ಬರೆಯಲು ಅವಕಾಶವಿದೆ. ತೊಟ್ಟಿ ಮುಚ್ಚಿಸಿದ ಹತ್ತನೇ ದಿನ ಆ ಗಲ್ಲಿಯ ರೋಗಿಗಳ ಲೆಕ್ಕದಲ್ಲಿ ಸೊನ್ನೆ ಬಂದಾಗ ಮೇಲಧಿಕಾರಿಗೇ ಅನುಮಾನ. "ನಿಜವಾಗ್ಲೂ ಯಾರಿಗೂ ಕಾಯಿಲೆ ಇಲ್ವಾ, ಇಲ್ಲಾ ಯಾರೂ ಬರೆದೇ ಇಲ್ವಾ?"

"ಅರವತ್ತೆರಡು ಮನೆ ಬಾಗಿಲು ತಟ್ಟಿ ಬಂದಿದೀನಿ ಸರ್," ಎಂದರು ಪತ್ತೇದಾರಿ. "ಕೇಳಿ ಬರೆದ ಸೊನ್ನೆ ಅದು. ಧೈರ್ಯವಾಗಿ ಸಹಿ ಹಾಕಿ."