ಬಸ್ಸು ಕಟ್ಟುವವರ ಗಿಟಾರು

ಯಲ್ಲಾಪುರದ ಒಂದು ಮನೆಯ ಗೋಡೆಯಲ್ಲಿ ಹಳೆಯ ಗಿಟಾರೊಂದು ತೂಗುತ್ತದೆ. ನೋಡಲು ಹೋದವರಿಗೆಲ್ಲ ಆ ಮನೆಯವರು ಒಂದೇ ಕಥೆ ಹೇಳುತ್ತಾರೆ. ಅದು ಶ್ರೀಗಂಧದ ಮರದ್ದಂತೆ, ಶಿರಸಿಯ ಗುಡಿಗಾರರು ಯಾವನೋ ಬಿಳಿಯ ಅಧಿಕಾರಿಗಾಗಿ ಕೆತ್ತಿದ್ದಂತೆ, ತಂತಿ ಕಟ್ಟಿದ ಮೊದಲ ದಿನವೇ ಕೇಳಿದವರು ಬೆರಗಾಗುವ ಹಾಗೆ ನುಡಿಯಿತಂತೆ. ಕಳೆದ ವರ್ಷ ನನಗೂ ಇದನ್ನೇ ಹೇಳಿದರು. ಹೇಳಿದವನು ಅದನ್ನು ಮಾಡಿದವರ ಸ್ವಂತ ಮೊಮ್ಮಗ.

ನಾನು ಶಾಲೆಯಲ್ಲಿ ಕಲಿತದ್ದು ಮೂರನೆಯ ಇಯತ್ತೆಯವರೆಗೆ ಮಾತ್ರ. ಉಳಿದದ್ದನ್ನು ಕೈಗೆ ಸಿಕ್ಕ ಪುಸ್ತಕಗಳಿಂದಲೂ ಕಣ್ಣಿಗೆ ಬಿದ್ದ ಕೆಲಸಗಳಿಂದಲೂ ಕಲಿತೆ. ಹತ್ತು ಜನ ಹೇಳುತ್ತಾರೆಂಬ ಒಂದೇ ಕಾರಣಕ್ಕೆ ಯಾವುದನ್ನೂ ಒಪ್ಪುವ ಅಭ್ಯಾಸ ನನಗೆ ಬರಲಿಲ್ಲ.

“ತಮಾ, ಒಂದು ಸಣ್ಣ ಕನ್ನಡಿ, ಒಂದು ಬ್ಯಾಟರಿ ತಾ” ಎಂದೆ.

ಕನ್ನಡಿಯನ್ನು ಗಿಟಾರಿನ ತೂತಿನಿಂದ ಒಳಗಿಳಿಸಿ, ಬೆಳಕು ಬಿಟ್ಟು, ಮೇಲ್ಹಲಗೆಯ ಒಳಮೈ ತೋರಿಸಿದೆ. ಚಹಾದ ಕಲೆಯಷ್ಟು ತೆಳುವಾದ ಕಂದು ಬಣ್ಣದಲ್ಲಿ ಮೂರು ಇಂಗ್ಲಿಷ್ ಅಕ್ಷರಗಳು ಅಲ್ಲಿದ್ದವು.

“ಇದೆಂತದು ಅಜ್ಜಾರೆ?”

“ಮೋಟಾರಿನ ಸಾಮಾನು ತುಂಬಿ ಬಂದ ಪೆಟ್ಟಿಗೆ. ನಿನ್ನ ಅಜ್ಜ ಅದನ್ನು ಒಡೆದ ದಿನ ನಾನು ಪಕ್ಕದಲ್ಲೇ ಇದ್ದೆ.”

ಅವನ ಮುಖ ಸ್ವಲ್ಪ ಇಳಿಯಿತು. ಗಂಧ ಹೋಗಿ ಪೆಟ್ಟಿಗೆಯ ಹಲಗೆ ಬಂದರೆ ಯಾರಿಗಾದರೂ ನಷ್ಟವೆನಿಸಬಹುದು. ನನಗೆ ಹಾಗೆ ಅನಿಸುವುದಿಲ್ಲ. ಏಕೆಂದರೆ ಅದು ಮೊದಲ ದಿನ ನುಡಿಯಲೇ ಇಲ್ಲವೆಂಬುದನ್ನೂ, ಆಮೇಲೆ ನಡೆದದ್ದನ್ನೂ ನಾನು ಬಲ್ಲೆ.

ಮೂವತ್ತರ ದಶಕದಲ್ಲಿ ಬಸ್ಸೆಂದರೆ ಹೊರಗಿನಿಂದ ಬರುತ್ತಿದ್ದದ್ದು ಎಂಜಿನ್ನು, ಚಕ್ರ, ಕಬ್ಬಿಣದ ಅಡಿಚೌಕಟ್ಟು ಇಷ್ಟೇ. ಅದರ ಮೇಲಿನ ಕಂಬ, ತಲೆಯ ಮೇಲಣ ಮಾಡು, ಆಸನ, ಬಾಗಿಲುಗಳನ್ನೆಲ್ಲ ಇಲ್ಲಿಯ ಬಡಗಿಗಳೇ ಮರದಲ್ಲಿ ಕಟ್ಟುತ್ತಿದ್ದರು. ಶಿರಸಿಯಲ್ಲಿ ಈ ಕೆಲಸಕ್ಕೆ ಹೆಸರಾದ ಒಬ್ಬ ಸಾಹೇಬರಿದ್ದರು, ಆ ಮೊಮ್ಮಗನ ಅಜ್ಜ. ಎಲ್ಲರೂ ಅವರನ್ನು ಮೇಸ್ತ್ರಿಗಳು ಎನ್ನುತ್ತಿದ್ದರು. ನಾನು ನನ್ನ ಹಳ್ಳಿ ಕೋಲಸಿರ್ಸಿ ಬಿಟ್ಟು ಬಂದು ಅವರ ಷೆಡ್ಡಿನಲ್ಲಿ ಬಸ್ಸುಗಳ ಮೇಲೆ ಊರಿನ ಹೆಸರು ಬರೆಯುವ ಪೇಂಟರ್ ಆಗಿದ್ದೆ. ವಯಸ್ಸು ಇಪ್ಪತ್ತಾರು.

ಮೇಸ್ತ್ರಿಗಳ ಹೆಸರು ಮೂರು ತಾಲೂಕುಗಳಲ್ಲಿ ಹಬ್ಬಿದ್ದು ಒಂದೇ ಗುಣಕ್ಕೆ: ಅವರು ಕಟ್ಟಿದ ಬಸ್ಸು ಸದ್ದು ಮಾಡುತ್ತಿರಲಿಲ್ಲ. ಆಗಿನ ರಸ್ತೆಗಳಲ್ಲಿ ಬೇರೆಯವರ ಬಸ್ಸು ಆರು ತಿಂಗಳಿಗೆ ಗಡಗಡ ಎನ್ನತೊಡಗುತ್ತಿತ್ತು. ಇವರದು ನಾಲ್ಕು ಮಳೆಗಾಲ ಕಳೆದರೂ ಮೌನವಾಗಿ ಗುಡ್ಡ ಹತ್ತುತ್ತಿತ್ತು. ಹೊಸ ಬಸ್ಸಿನ ಮೊದಲ ಓಡಾಟದಲ್ಲಿ ಅವರು ಒಳಗೆ ಕಣ್ಣು ಮುಚ್ಚಿ ಕುಳಿತಿರುವರು. ಎಲ್ಲಿಯಾದರೂ ಹಲಗೆಯೊಂದು ಗುಂಯ್‌ಗುಟ್ಟಿದರೆ ಎದ್ದು ಹೋಗಿ ಅಂಗೈಯನ್ನು ಅದರ ಮೇಲಿಡುವರು, ಸೀಮೆಸುಣ್ಣದಿಂದ ಗುರುತು ಹಾಕುವರು. ಮರುದಿನ ಅಲ್ಲೊಂದು ಅಡ್ಡಪಟ್ಟಿ, ನಾಲ್ಕು ತಿರುಪುಮೊಳೆ. ಆ ಹಲಗೆ ಮತ್ತೆ ಬಾಯಿಬಿಡುತ್ತಿರಲಿಲ್ಲ.

ಇಂಥವರಿಗೆ ಗಿಟಾರಿನ ಹುಚ್ಚು ಹಿಡಿದದ್ದು ಒಬ್ಬ ಡ್ರೈವರನಿಂದ. ಆತ ಕಾರವಾರದ ಕಡೆಯ ಕ್ರಿಸ್ತಾನ. ಭಾನುವಾರ ಇಗರ್ಜಿಯಿಂದ ನೇರ ನಮ್ಮ ಷೆಡ್ಡಿಗೆ ಬಂದು, ಬೊಂಬಾಯಿಯಲ್ಲಿ ಕೊಂಡ ಗಿಟಾರನ್ನು ನುಡಿಸುತ್ತ ಕೂಡ್ರುತ್ತಿದ್ದ. ಮೇಸ್ತ್ರಿಗಳು ಹಾಡಿಗಿಂತ ಹೆಚ್ಚಾಗಿ ಗಿಟಾರಿನ ಮರದ ಪೆಟ್ಟಿಗೆಯನ್ನು ಗಮನಿಸುತ್ತಿದ್ದರು. ಒಂದು ದಿನ ಅದನ್ನು ಕೇಳಿ ಪಡೆದು, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿಟ್ಟು ಸುತ್ತಲೂ ಗೆರೆ ಎಳೆದುಕೊಂಡರು.

“ಎಂತಕ್ಕೆ ಮೇಸ್ತ್ರಿಗಳೇ?” ಎಂದೆ.

“ಪೇಂಟರ್, ಇಪ್ಪತ್ತು ಜನ ಕೂತ್ರೆ ತಡೆಯೋ ಸಾಮಾನು ಬೇಕಾದಷ್ಟು ಮಾಡಿದೆ. ಯಾರೂ ಕೂಡ್ರದ ಸಾಮಾನು ಒಂದಾದ್ರೂ ಮಾಡ್ಬೇಕು. ನನಗಾಗಿ.”

ಬೆನ್ನಿಗೂ ಪಕ್ಕಕ್ಕೂ ಯಲ್ಲಾಪುರದ ಕಡೆಯಿಂದ ಬಂದ ಬೀಟೆಯ ತುಂಡೊಂದನ್ನು ತೆಳ್ಳಗೆ ಸೀಳಿದರು. ಪಕ್ಕದ ಪಟ್ಟಿಗಳನ್ನು ಬಾಗಿಸಲು ಹಳೆಯ ಬಸ್ಸಿನ ಹೊಗೆಕೊಳವೆಯೊಳಗೆ ಕೆಂಡ ತುಂಬಿ, ನೆನೆದ ಪಟ್ಟಿಯನ್ನು ಅದರ ಮೈಗೆ ಒತ್ತಿ ಒತ್ತಿ ಮಣಿಸಿದ ರೀತಿಯನ್ನು ನಾನು ಇಂದಿಗೂ ಮರೆತಿಲ್ಲ. ಕಷ್ಟವಾದದ್ದು ಮೇಲ್ಹಲಗೆ. ಡ್ರೈವರನ ಗಿಟಾರಿನಂಥ ಹಗುರವಾದ, ನೇರ ಎಳೆಯ ಬಿಳಿಮರ ನಮ್ಮ ಕಾಡಿನದಲ್ಲ. ಆದರೆ ಮೋಟಾರಿನ ಬಿಡಿಭಾಗಗಳು ಬರುವ ಪೆಟ್ಟಿಗೆಗಳು ಅಂಥ ಪರದೇಶಿ ಮರದವು. ಎರಡು ವರ್ಷ ಬಂದ ಪೆಟ್ಟಿಗೆಗಳನ್ನೆಲ್ಲ ಅವರು ತಾವೇ ಬಿಚ್ಚಿದರು. ಎಲ್ಲ ಹಲಗೆಗಳಲ್ಲೂ ಗಂಟು. ಗಂಟಿಲ್ಲದ ಅಗಲ ಹಲಗೆ ಸಿಕ್ಕಿದ್ದು ಒಂದೇ ಒಂದು. ಅದರ ಮೇಲೆ ಕಾಸಿದ ಕಬ್ಬಿಣದಿಂದ ಒತ್ತಿದ ಅಕ್ಷರಗಳಿದ್ದವು. ಯಾವ ಬದಿ ಮೇಲಿರಬೇಕೆಂಬ ಸೂಚನೆ. ಆ ಮುಖವನ್ನು ಅವರು ಒಳಗಾಗಿಸಿದರು.

ಒಂದು ಸಂಗತಿಯಲ್ಲಿ ಮಾತ್ರ ಅವರು ಮಾದರಿಯನ್ನು ಅನುಸರಿಸಲಿಲ್ಲ. ಡ್ರೈವರನ ಗಿಟಾರಿನ ಮೇಲ್ಹಲಗೆ ಎಷ್ಟು ತೆಳು ಎಂಬುದು ತೂತಿನ ಅಂಚಿನಲ್ಲೇ ಕಾಣುತ್ತಿತ್ತು. “ಅಂಗಡಿ ಮಾಲು. ನಮ್ಮ ರಸ್ತೆಗೆ ಇದು ಎರಡು ದಿನ ತಾಳೂದಿಲ್ಲ” ಎಂದು ತಮ್ಮ ಹಲಗೆಯನ್ನು ಅದರ ಎರಡರಷ್ಟು ದಪ್ಪ ಉಳಿಸಿಕೊಂಡರು. ಒಳಗೆ ಬಸ್ಸಿನ ಮಾಡಿಗೆ ಕೊಡುವ ಹಾಗೆ ಸಾಗವಾನಿಯ ಅಡ್ಡಪಟ್ಟಿಗಳನ್ನು ಕೊಟ್ಟರು. ಸರೇಸಿನಿಂದ ಅಂಟಿಸಿದ ಬೆನ್ನಿಗೆ ನಂಬಿಕೆ ಸಾಲದೆ ಹನ್ನೆರಡು ಹಿತ್ತಾಳೆಯ ತಿರುಪುಮೊಳೆಗಳನ್ನೂ ಬಿಗಿದರು. ನಾನೂ ಮೆಚ್ಚಿ ತಲೆಯಾಡಿಸಿದೆ ಎಂಬುದನ್ನು ಮುಚ್ಚಿಡುವುದಿಲ್ಲ.

ತಂತಿ ಕಟ್ಟಿದ ದಿನ ಡ್ರೈವರ್ ಅದನ್ನು ತೊಡೆಯ ಮೇಲಿಟ್ಟು ಮೀಟಿದ. ತಂತಿ ನುಡಿಯಿತು, ಪೆಟ್ಟಿಗೆ ನುಡಿಯಲಿಲ್ಲ. ಬಾಗಿಲು ಹಾಕಿದ ಕೋಣೆಯಲ್ಲಿ ಯಾರೋ ಮಾತಾಡಿದ ಹಾಗೆ ಕೇಳಿತು.

“ಅರೇ ಸಾಯ್ಬಾ, ದೇವ್ರೇ! ಮೇಸ್ತ್ರಿಗಳೇ, ಇದು ಗಿಟಾರೋ ಅಕ್ಕಿ ಪೆಟ್ಟಿಗೆಯೋ? ಇದರ ಮೇಲೆ ನಿಂತು ನಾನು ಟಾಯರ್ ಬದಲಿಸ್ತೇನೆ, ನೋಡಿ.”

ಎಲ್ಲರೂ ನಕ್ಕರು. ಮೇಸ್ತ್ರಿಗಳೂ ನಕ್ಕರು, ಆದರೆ ಅವರ ಕಿವಿ ಕೆಂಪಾಗಿತ್ತು. ಅದೇ ವಾರ ಡ್ರೈವರನಿಗೆ ಕಾರವಾರದ ಕಡೆಗೆ ವರ್ಗವಾಯಿತು. ಹೊರಡಲು ಎಂಟು ದಿನ. ಅವನು ಹೋದರೆ ಮಾದರಿಯೂ ಹೋಗುತ್ತದೆ, ನುಡಿ ಸರಿಯೋ ತಪ್ಪೋ ಎಂದು ಹೇಳುವವರು ಶಿರಸಿಯಲ್ಲಿ ಮತ್ತೊಬ್ಬರಿಲ್ಲ. ಇನ್ನೊಂದು ಹಲಗೆಯೂ ಇಲ್ಲ.

ಮರುದಿನ ಕೆಲಸದ ಮೇಲೆ ಮೇಸ್ತ್ರಿಗಳೂ ನಾನೂ ಸಿದ್ದಾಪುರಕ್ಕೆ ಹೊರಟೆವು. ಅದು ಬೇರೆಯವರು ಕಟ್ಟಿದ ಬಸ್ಸು. ಏರು ಬಂದಾಗ ನಮ್ಮ ತಲೆಯ ಮೇಲಿನ ಹಲಗೆ ಗುಂಯ್‌ಗುಟ್ಟತೊಡಗಿತು. ಮೇಸ್ತ್ರಿಗಳ ಕೈ ತಾನಾಗಿ ಮೇಲೇರಿ ಅದನ್ನು ಒತ್ತಿತು. ಸದ್ದು ನಿಂತಿತು. ಕೈ ತೆಗೆದರು, ಮತ್ತೆ ಗುಂಯ್. ಮತ್ತೆ ಇಟ್ಟರು, ಮತ್ತೆ ತೆಗೆದರು. ಎದುರಿಗೆ ಬುಟ್ಟಿ ಹಿಡಿದು ಕುಳಿತಿದ್ದ ಹೆಂಗಸೊಬ್ಬಳಿಗೆ ತಡೆಯಲಿಲ್ಲ.

“ಎಂತಕ್ಕೆ ಸಾಹೇಬ್ರೆ ಆ ಹಲಗೆಯನ್ನ ತಟ್ಟಿ ತಟ್ಟಿ ಮಲಗಿಸ್ತೀರಿ? ಅದೇನು ಕೂಸೇ?”

ಮೇಸ್ತ್ರಿಗಳು ಅವಳನ್ನೇ ನೋಡಿದರು. “ಇಷ್ಟು ದಿನ ಮಲಗಿಸಿದೆ ಅವ್ವಾ. ಎಬ್ಬಿಸೋದು ಕಲೀಲೇ ಇಲ್ಲ.”

ಸಿದ್ದಾಪುರ ಬಂತು. ಇಳಿಯುವಾಗ ಆ ಹಲಗೆಯನ್ನು ಹಿಡಿದು ಕಟ್ಟಿದ್ದ ಮೊಳೆಗಳನ್ನು ಎಣಿಸಿದರು. ಎರಡೇ.

ಶಿರಸಿಗೆ ಮರಳಿದ ಮೇಲೆ ಗಿಟಾರನ್ನು ಬಿಚ್ಚಿದರು. ತಾವೇ ಹಾಕಿದ ಹನ್ನೆರಡು ತಿರುಪುಗಳನ್ನು ಒಂದೊಂದಾಗಿ ತೆಗೆದು, ಬಿಸಿನೀರಿನ ಬಟ್ಟೆಯಿಂದ ಸರೇಸನ್ನು ಸಡಿಲಿಸಿ ಬೆನ್ನನ್ನು ಬೇರ್ಪಡಿಸಿದರು. ಸಾಗವಾನಿಯ ಪಟ್ಟಿಗಳೆಲ್ಲ ಹೊರಬಂದವು. ಬಳಿಕ ಒಡೆದ ಗಾಜಿನ ಚೂರು ಹಿಡಿದು ಹಲಗೆಯ ಒಳಮೈಯನ್ನು ಹೆರೆಯತೊಡಗಿದರು. ಹತ್ತು ಸಲ ಹೆರೆಯುವುದು, ಗೆಣ್ಣಿನಿಂದ ತಟ್ಟುವುದು, ಕಿವಿಗೊಡುವುದು. ಸುಟ್ಟ ಅಕ್ಷರಗಳು ಮೊದಲು ಕಪ್ಪಗಿದ್ದವು. ಮೂರನೆಯ ದಿನಕ್ಕೆ ಕಂದಾದವು. ಅಕ್ಷರ ಬರೆದು ಬದುಕುವವನು ನಾನು. ಅವು ಮಾಸುತ್ತ ಹೋದಂತೆ, ಉಳಿದವು ಎಷ್ಟೆಂದು ದಿನವೂ ಎಣಿಸುತ್ತಿದ್ದೆ. ಐದನೆಯ ದಿನ ಅವರು ಅದನ್ನು ಬಿಸಿಲಿಗೆ ಹಿಡಿದಾಗ ಬೆಳಕು ಹಲಗೆಯನ್ನು ದಾಟಿ ಕೆಂಪಗೆ ಕಾಣಿಸಿತು.

“ಸಾಕು ಮೇಸ್ತ್ರಿಗಳೇ. ತಂತಿ ಎಳೆದರೆ ಒಡೆದು ಹೋಗ್ತದೆ. ಮತ್ತೆ ಹಲಗೆ ಎಲ್ಲಿದೆ?”

“ಒಡೆದ್ರೆ ಒಡೀಲಿ. ಮೂಕಾಗಿ ನೂರು ವರ್ಷ ಇದ್ದು ಏನ್ಮಾಡ್ತದೆ?”

ಇದನ್ನು ಹೇಳಿದವರು ಆಯುಷ್ಯವಿಡೀ ಒಡೆಯದಂಥದ್ದನ್ನು ಮಾತ್ರ ಮಾಡಿದವರು. ಕಲಿಯದಿದ್ದದ್ದನ್ನು ಕಲಿಯುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹೆಸರು ತಂದುಕೊಟ್ಟ ವಿದ್ಯೆಯನ್ನೇ ಐವತ್ತರ ವಯಸ್ಸಿನಲ್ಲಿ ಪಕ್ಕಕ್ಕಿಟ್ಟವರನ್ನು ಅವರೊಬ್ಬರನ್ನೇ ನೋಡಿದ್ದು. ಅಕ್ಷರಗಳಲ್ಲಿ ಮೂರು ಮಾತ್ರ ಉಳಿದಾಗ ತಟ್ಟಿ ಕೇಳಿದರು, ಗಾಜಿನ ಚೂರನ್ನು ಕೆಳಗಿಟ್ಟರು. ಕಡ್ಡಿಯಂಥ ನಾಲ್ಕು ಹಗುರ ಪಟ್ಟಿಗಳನ್ನು ಕೊಟ್ಟು, ಬೆನ್ನನ್ನು ಈ ಸಲ ಸರೇಸಿನಿಂದಷ್ಟೇ ಕೂಡಿಸಿದರು. ತಿರುಪಿನ ತೂತುಗಳಿಗೆ ಬೀಟೆಯ ಬೆಣೆ ಬಡಿದರು. ಯಲ್ಲಾಪುರದ ಆ ಗೋಡೆಯಿಂದ ಇಳಿಸಿ ತಿರುಗಿಸಿದರೆ ಹನ್ನೆರಡೂ ಎಣಿಸಲು ಸಿಗುತ್ತವೆ.

ಎಂಟನೆಯ ದಿನ ಬೆಳಗ್ಗೆ ಡ್ರೈವರ್ ತನ್ನ ಟ್ರಂಕು, ಗಿಟಾರುಗಳೊಂದಿಗೆ ಷೆಡ್ಡಿಗೆ ಬಂದ. ಮೇಸ್ತ್ರಿಗಳ ಗಿಟಾರಿಗೆ ತಂತಿಗಳನ್ನು ತಾನೇ ಏರಿಸಿದ. ಒಂದೊಂದು ತಂತಿ ಬಿಗಿಯುವಾಗಲೂ ಹಲಗೆ ಸಣ್ಣಗೆ ಟಕ್ ಎನ್ನುತ್ತಿತ್ತು. ಮೇಸ್ತ್ರಿಗಳು ಕಣ್ಣು ಮುಚ್ಚಿ ಕುಳಿತಿದ್ದರು, ಹೊಸ ಬಸ್ಸಿನಲ್ಲಿ ಕುಳಿತ ಹಾಗೆಯೇ. ಆರನೆಯ ತಂತಿಯೂ ಏರಿತು. ಹಲಗೆ ತಡೆಯಿತು.

ಡ್ರೈವರ್ ಆರೂ ತಂತಿಗಳ ಮೇಲೆ ಒಮ್ಮೆ ಕೈಯೆಳೆದ. ಷೆಡ್ಡಿನ ತಗಡಿನವರೆಗೆ ಸದ್ದು ತುಂಬಿತು. ಅವನು ತನ್ನ ಗಿಟಾರನ್ನು ಒಮ್ಮೆ ಮೀಟಿ, ಮತ್ತೆ ಇದನ್ನು ಮೀಟಿ, “ನಂದು ಜಾಸ್ತಿ ಸಿಹಿ. ನಿಮ್ಮದರ ದನಿ ಜಾಸ್ತಿ ದೊಡ್ಡದು” ಎಂದ. ಅದು ನ್ಯಾಯವಾದ ತೀರ್ಪು. ನಾನೂ ಎರಡನ್ನೂ ಕೇಳಿದ್ದೇನೆ.

ಸದ್ದು ಇನ್ನೂ ಹಲಗೆಯಲ್ಲಿ ಗುಂಯ್‌ಗುಟ್ಟುತ್ತಿತ್ತು. ಮೇಸ್ತ್ರಿಗಳು ಎದ್ದರು. ಕಣ್ಣು ತೆರೆಯುವ ಮೊದಲೇ ಅವರ ಅಂಗೈ ಅಭ್ಯಾಸದಂತೆ ಅತ್ತ ಚಾಚಿತು. ಹಲಗೆಗೆ ಬೆರಳಗಲ ಉಳಿದಿರುವಾಗ ನಿಂತಿತು, ಮೆಲ್ಲಗೆ ಹಿಂದೆ ಸರಿದು ಅವರ ಬೆನ್ನ ಹಿಂದೆ ಹೋಯಿತು. ಸದ್ದು ತಾನಾಗಿ ಆರುವವರೆಗೂ ಅವರು ಹಾಗೆಯೇ ನಿಂತಿದ್ದರು.