ಅವ್ವನ ತಲೆ ಮುಟ್ಟಿದ ಕೈ

ಆಗ ನಮ್ಮೂರಿನ ಮಕ್ಕಳ ಬಾಯಲ್ಲಿ ಆಣೆ ಬಹಳ ಅಗ್ಗವಾಗಿತ್ತು. ಕುಂಟಾಬಿಲ್ಲೆಯಲ್ಲಿ ಗೆರೆ ತುಳಿದರೆ ದೇವರಾಣಿ, ಪೆನ್ಸಿಲ್ ಕದ್ದರೆ ವಿದ್ಯಾಣಿ. ನನಗಂತೂ ಅವ್ವನ ಆಣೆಗಿಂತ ಕಡಿಮೆಯದು ಸಾಲುತ್ತಿರಲಿಲ್ಲ. ಮುಖ ತೊಳೆಯದೆಯೇ ತೊಳೆದೆ ಅನ್ನುವುದು, ಅವಳ ತಲೆ ಮುಟ್ಟುವುದು. ಚಟ ಅಂದರೆ ಚಟವೇ. ಸುಳ್ಳು ಆಣೆ ಮಾಡಿದರೆ ಯಾರ ತಲೆ ಮುಟ್ಟಿದ್ದೆವೋ ಅವರು ಸಾಯುತ್ತಾರೆ ಎಂದು ನಮಗೆಲ್ಲ ಗೊತ್ತಿತ್ತು. ಅವ್ವ ಗಟ್ಟಿಮುಟ್ಟಾಗಿ ಓಡಾಡಿಕೊಂಡೇ ಇದ್ದಳು, ಹಾಗಾಗಿ ನನಗೆ ಧೈರ್ಯ.

ದೇವದುರ್ಗದ ಕಡೆಯ ಜಾಲಹಳ್ಳಿ ಹತ್ತಿರದ ಊರು ನಮ್ಮದು. ಅಪ್ಪ ರಾಯಚೂರಿನ ಅಕ್ಕಿ ಗಿರಣಿಯಲ್ಲಿ ಹಮಾಲ. ಹತ್ತಿ ಬಿಡಿಸುವ ದಿನಗಳಲ್ಲಿ ಅವ್ವ ನಸುಕಿಗೇ ರೊಟ್ಟಿ ಬಡಿದಿಟ್ಟು ಹೊಲಕ್ಕೆ ಹೋಗುತ್ತಿದ್ದಳು. ಕುಡಿಯುವ ನೀರು ತರುವುದು ನನ್ನ ಪಾಲಿಗೆ. ಕೈಪಂಪಿನ ಬೋರಿಂಗ್ ದೂರ, ಮೇಲೆ ಕೊಡಗಳ ಸಾಲು ಬೇರೆ. ಎಮ್ಮೆ ಮೈ ತೊಳೆಯುವ ಕಾಲುವೆ ಹತ್ತಿರ. ನಾನು ಅಲ್ಲೇ ತುಂಬಿಟ್ಟು ಆಡಲು ಓಡುತ್ತಿದ್ದೆ.

"ಬೋರಿಂಗಿಂದ ತಂದಿ ಹೌದಿಲ್ಲ?" ಒಂದು ಸಂಜೆ ಹೊಲದಿಂದ ಬಂದ ಅವ್ವ ಕೇಳಿದಳು.

"ಹೂಂ ಯವ್ವಾ, ನಿನ್ನ ಆಣಿ."

ಅಂಗೈಗೆ ಅವಳ ತಲೆಯ ಕೊಬ್ಬರಿ ಎಣ್ಣೆ ಹತ್ತಿತು. ಅವಳು ಗಟಗಟ ಕುಡಿದಳು.

ಮೂರನೆಯ ದಿನ ಬೆಳಿಗ್ಗೆ ಅವ್ವನಿಗೆ ವಾಂತಿ, ಭೇದಿ. ಪಕ್ಕದ ಮನೆಯ ಹುಸೇನಬಿ ಖಾಲಾ ನಮ್ಮಿಬ್ಬರನ್ನೂ ಟಂಟಂ ಆಟೋದಲ್ಲಿ ಹಾಕಿಕೊಂಡು ದೇವದುರ್ಗದ ದವಾಖಾನೆಗೆ ಹೊರಟಳು. ಅವ್ವನ ಕಣ್ಣು ಗುಳಿ ಬಿದ್ದಿದ್ದವು, ಕಾಲು ತಣ್ಣಗಾಗಿದ್ದವು. ಅದೇ ನೀರು ನಾನೂ ಕುಡಿದಿದ್ದೆ, ನನಗೇನೂ ಆಗಿರಲಿಲ್ಲ. ಅಂದರೆ ಆಣೆ ಅವಳನ್ನೇ ಹುಡುಕಿಕೊಂಡು ಹೋಗಿತ್ತು. ಮತ್ತೆ ಅವಳನ್ನು ಮುಟ್ಟಿಬಿಟ್ಟೇನೆಂಬ ಭಯಕ್ಕೆ ದಾರಿಯುದ್ದಕ್ಕೂ ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡೇ ಕೂತಿದ್ದೆ.

ಡಾಕ್ಟರಮ್ಮ ಯಾವ ನೀರು ಕುಡಿದಳೆಂದು ಕೇಳಿದರು.

"ಬೋರಿಂಗಿಂದರೀ. ಈ ಹುಡುಗಿನ ತರ್ತಾಳ," ಎಂದಳು ಖಾಲಾ.

"ಹೌದೇನವ್ವಾ?" ಡಾಕ್ಟರಮ್ಮ ನನ್ನತ್ತ ತಿರುಗಿದರು.

"ಹೌದ್ರೀ, ನಮ್ಮವ್ವನ ಆಣಿ..."

ಬಾಯಿ ತಾನಾಗಿಯೇ ಅಂದುಬಿಟ್ಟಿತ್ತು. ಅದೇ ಹೊತ್ತಿಗೆ ಮಂಚದ ಮೇಲೆ ಅವ್ವ ನರಳಿದಳು. ನಿಂತಲ್ಲೇ ಉಚ್ಚೆ ಹೋಯಿತು ನನಗೆ.

"ಸುಳ್ಳರೀ. ಕಾಲುವಿ ನೀರದು, ನಾನ ತಂದೀನಿ. ಆಣಿ ತಗೀರಿ, ನಮ್ಮವ್ವ ಸಾಯಾಕತ್ಯಾಳ."

ಡಾಕ್ಟರಮ್ಮ ನಗಲಿಲ್ಲ. "ಆಣಿಗಿ ಯಾರೂ ಸಾಯಂಗಿಲ್ಲವ್ವಾ. ಹೊಲಸು ನೀರಿಗಿ ಸಾಯ್ತಾರ," ಎಂದು ಸಲೈನ್ ಹಚ್ಚಿದರು. ನನ್ನ ಹೆದರಿಕೆ ಇಮ್ಮಡಿಯಾಯಿತು. ಆಣೆಯಾದರೆ ಯಾರಾದರೂ ತೆಗೆಯಬಹುದಿತ್ತೇನೋ. ನೀರು ತುಂಬಿದ್ದು ನನ್ನ ಕೈಯೇ.

ಎರಡು ದಿನಕ್ಕೆ ಅವ್ವ ಎದ್ದು ಕೂತಳು. ಕರೆದರೂ ನಾನು ಹತ್ತಿರ ಹೋಗಲಿಲ್ಲ. ಖಾಲಾ ಅವಳಿಗೆ ಎಲ್ಲ ಹೇಳಿದ್ದಳು. ಬೈಯುತ್ತಾಳೆಂದುಕೊಂಡರೆ ಅವ್ವ ಇಷ್ಟೇ ಅಂದಳು: "ಇನ್ನ ನನ್ನ ತಲಿ ಮುಟ್ಟಬ್ಯಾಡ. ಸುಮ್ನ ಹೇಳು, ನಂಬ್ತೀನಿ."

ಬೈದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಆ ಚಟ ಬಿಡಲು ಹತ್ತಿ ಬಿಡಿಸುವುದು ಮುಗಿಯುವವರೆಗೂ ಬೇಕಾಯಿತು. ಆಣಿ ನಾಲಿಗೆ ತುದಿಗೆ ಬಂದಾಗೆಲ್ಲ ತುಟಿ ಕಚ್ಚಿಕೊಳ್ಳುತ್ತಿದ್ದೆ. ಸಾಲಿನಲ್ಲಿ ನಿಂತು ನೀರು ತಂದು ಕಾಯಿಸಿ, "ಬೋರಿಂಗಿಂದು," ಎಂದಷ್ಟೇ ಹೇಳುತ್ತಿದ್ದೆ. ಅವಳು ಲೋಟದೊಳಗೆ ನೋಡದೆಯೇ ಕುಡಿಯುತ್ತಿದ್ದಳು. ಅವಳ ಗಂಟಲು ಏರಿಳಿಯುವುದನ್ನು ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ.

ಈಗ ಮಾನ್ವಿಯಲ್ಲಿ ಟೀಚರ್ ಆಗಿದ್ದೇನೆ. ಮನೆಯಲ್ಲಿ ಫಿಲ್ಟರ್ ನೀರು. ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಬಡಿಸಿದ್ದಕ್ಕೂ ಸಾಕ್ಷಿಯಾಗಿ ಮೇಲಿನವರಿಗೆ ಫೋಟೋ ಕಳಿಸಬೇಕು, ಸಹಿ ಹಾಕಬೇಕು, ಹಾಕುತ್ತೇನೆ. ಅವ್ವ ಹೋಗಿ ನಾಲ್ಕು ವರ್ಷವಾಯಿತು. ನಾನು ಸುಮ್ಮನೆ ಹೇಳಿದ್ದನ್ನು ನಂಬಿ ಲೋಟ ಎತ್ತುವವರು ಆಮೇಲೆ ಯಾರೂ ಸಿಗಲಿಲ್ಲ.